ಆವಿಯಾಗುವ ಪ್ಲಾಟಿನಂ: ನೈಟ್ರಿಕ್ ಆಮ್ಲ ಸ್ಥಾವರದ ಜಾಲರಿ ಸವೆಯುವ ಬಗೆ

ಅಘನಾಶಿನಿ ನದಿ ಕಡಲು ಸೇರುವ ತದಡಿಯ ಮೀನುಗಾರಿಕಾ ಬಂದರಿನಲ್ಲಿ ಉಪ್ಪುಗಾಳಿಗೆ ಸಿಕ್ಕ ಕಬ್ಬಿಣ ಬಹುಬೇಗ ತುಕ್ಕು ಹಿಡಿಯುತ್ತದೆ. ಪ್ಲಾಟಿನಂಗೆ ಆ ಭಯವಿಲ್ಲ. ಆದರೂ ನೈಟ್ರಿಕ್ ಆಮ್ಲ ಸ್ಥಾವರದಲ್ಲಿ ಇದೇ ಅಮೂಲ್ಯ ಲೋಹ ಕೆಲವೇ ತಿಂಗಳುಗಳಲ್ಲಿ ಸವೆದುಹೋಗುತ್ತದೆ.

ತದಡಿಯಲ್ಲಿ ಇಂತಹ ಸ್ಥಾವರವಿಲ್ಲ. ಪಣಂಬೂರಿನ ರಸಗೊಬ್ಬರ ಕಾರ್ಖಾನೆಯಲ್ಲಿ ಅಮೋನಿಯ ಮುಖ್ಯವಾಗಿ ಯೂರಿಯಾ ತಯಾರಿಕೆಗೆ ಬಳಕೆಯಾಗುತ್ತದೆ. ಆದರೆ ಕುಮಟಾದ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 66ರ ಉತ್ತರದ ತುದಿಯಾದ ಪನ್ವೇಲ್ ಸಮೀಪದ ತಳೋಜದಲ್ಲಿ ದೀಪಕ್ ಫರ್ಟಿಲೈಸರ್ಸ್ ಸಮೂಹ ಅಮೋನಿಯದಿಂದ ನೈಟ್ರಿಕ್ ಆಮ್ಲ ತಯಾರಿಸುತ್ತದೆ. ಮುಂಬಯಿಯ ಟ್ರಾಂಬೆಯಲ್ಲಿ ಸರ್ಕಾರಿ ಸ್ವಾಮ್ಯದ ಆರ್‌ಸಿಎಫ್ ಕೂಡ ಇದನ್ನು ತಯಾರಿಸುತ್ತದೆ. ಸಂಯುಕ್ತ ಗೊಬ್ಬರಕ್ಕೂ ಗಣಿಗಳ ಸ್ಫೋಟಕಗಳಿಗೂ ಈ ಆಮ್ಲವೇ ಮೂಲ.

ಜಾಲರಿಯ ಕೆಲಸ

ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮ್ ಓಸ್ವಾಲ್ಡ್ 1902ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಇಂದಿಗೂ ಈ ಉದ್ಯಮಕ್ಕೆ ಆಧಾರ. ಸುಮಾರು ಶೇ. 10ರಷ್ಟು ಅಮೋನಿಯ ಬೆರೆತ ಗಾಳಿಯನ್ನು ಕಾದ ಜಾಲರಿಗಳ ಮೂಲಕ ಹಾಯಿಸಲಾಗುತ್ತದೆ. ಅಲ್ಲಿ ತಾಪಮಾನ ಸುಮಾರು 800ರಿಂದ 950 ಡಿಗ್ರಿ ಸೆಲ್ಸಿಯಸ್. ಅನಿಲ ಜಾಲರಿಯನ್ನು ದಾಟಲು ಹಿಡಿಯುವ ಕಾಲ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಮಾತ್ರ. ಅಷ್ಟರೊಳಗೆ ಅಮೋನಿಯದ ಬಹುಪಾಲು ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅದು ಮುಂದೆ ಆಮ್ಲಜನಕ ಹಾಗೂ ನೀರಿನೊಡನೆ ಸೇರಿ ಆಮ್ಲವಾಗುತ್ತದೆ.

ಜಾಲರಿಯ ತಂತಿ ಕೂದಲೆಳೆಯಷ್ಟು ತೆಳುವು. ಪ್ಲಾಟಿನಂಗೆ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ರೋಡಿಯಂ ಬೆರೆಸಲಾಗುತ್ತದೆ. ಇದರಿಂದ ತಂತಿಗೆ ಬಲ ಬರುತ್ತದೆ, ಲೋಹನಷ್ಟವೂ ತಗ್ಗುತ್ತದೆ.

ಸವೆತಕ್ಕೆ ಕಾರಣ

ತೀವ್ರ ತಾಪದಲ್ಲಿ ಪ್ಲಾಟಿನಂ ಆಮ್ಲಜನಕದೊಡನೆ ಸೇರಿ ಆಕ್ಸೈಡ್ ಆವಿಯಾಗಿ ಅನಿಲದೊಂದಿಗೆ ಹೊರಟುಹೋಗುತ್ತದೆ. ಆರಂಭದಲ್ಲಿ ನುಣುಪಾಗಿದ್ದ ತಂತಿಯ ಮೈಮೇಲೆ ಹೂಕೋಸಿನಂತಹ ಗಂಟುಗಳು ಮೂಡುತ್ತವೆ. ಇದರಿಂದ ಕ್ರಿಯೆ ನಡೆಯುವ ಮೇಲ್ಮೈ ಹೆಚ್ಚಿ, ಮೊದಲ ದಿನಗಳಲ್ಲಿ ಜಾಲರಿ ಇನ್ನೂ ಚುರುಕಾಗುತ್ತದೆ. ಆದರೆ ಒಳಗಿನ ತಂತಿ ಕ್ರಮೇಣ ಕ್ಷೀಣಿಸುತ್ತದೆ. ಪ್ಲಾಟಿನಂ ಹೋದಂತೆ ಮೇಲ್ಮೈಯಲ್ಲಿ ರೋಡಿಯಂ ಆಕ್ಸೈಡ್ ಉಳಿದು ಕ್ರಿಯೆಗೆ ಅಡ್ಡಿಯಾಗುತ್ತದೆ. ಕೊಳವೆಗಳಿಂದ ಬರುವ ತುಕ್ಕಿನ ಕಣಗಳು ಮತ್ತೊಂದು ಶತ್ರು. ಕಬ್ಬಿಣದ ಕಣ ಕುಳಿತಲ್ಲಿ ಅಮೋನಿಯ ಆಮ್ಲದ ದಾರಿ ಹಿಡಿಯದೆ ಸಾರಜನಕವಾಗಿ ವ್ಯರ್ಥವಾಗುತ್ತದೆ. ತಾನು ತುಕ್ಕು ಹಿಡಿಯದ ಲೋಹವನ್ನು ಪರರ ತುಕ್ಕು ಕೆಡಿಸುತ್ತದೆ.

ಒಂದು ಟನ್ ಆಮ್ಲಕ್ಕೆ ಕಳೆದುಹೋಗುವ ಲೋಹ ಸ್ಥಾವರದ ಒತ್ತಡ, ತಾಪಮಾನಗಳಿಗೆ ಅನುಗುಣವಾಗಿ ಸುಮಾರು 0.05ರಿಂದ 0.4 ಗ್ರಾಂ. ಅಲ್ಪವೆನಿಸಬಹುದು. ಆದರೆ ದಿನಕ್ಕೆ 1,000 ಟನ್ ತಯಾರಿಸುವ ಸ್ಥಾವರದಲ್ಲಿ ಟನ್ನಿಗೆ 0.2 ಗ್ರಾಂನಂತೆ ಹೋದರೂ ದಿನವೊಂದಕ್ಕೆ 200 ಗ್ರಾಂ, ಐದು ತಿಂಗಳಿಗೆ 30 ಕಿಲೋಗ್ರಾಂ ಆಗುತ್ತದೆ. ಅಧಿಕ ಒತ್ತಡದ ಸ್ಥಾವರಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ, ಮಧ್ಯಮ ಒತ್ತಡದಲ್ಲಿ ಸುಮಾರು ಆರು ತಿಂಗಳಿಗೊಮ್ಮೆ ಜಾಲರಿ ಬದಲಿಸಬೇಕಾಗುತ್ತದೆ.

ಬಲೆಯ ಕೆಳಗೊಂದು ಬಲೆ

ಹಾರಿಹೋಗುವ ಪ್ಲಾಟಿನಂ ಹಿಡಿಯಲು ಕೆಳಗೆ ಪಲ್ಲಾಡಿಯಂ ಮಿಶ್ರಲೋಹದ ಜಾಲರಿ ಹಾಸುತ್ತಾರೆ. ಹೋದ ಲೋಹದ ಹೆಚ್ಚಿನ ಪಾಲು ಅದರಲ್ಲಿ ಸಿಕ್ಕಿಬೀಳುತ್ತದೆ. ಪ್ರತಿಯಾಗಿ ಪಲ್ಲಾಡಿಯಂನ ಒಂದಂಶ ನಷ್ಟವಾಗುತ್ತದೆ. ಹಳೆಯ ಜಾಲರಿಗಳನ್ನು ಶುದ್ಧೀಕರಿಸಿ ಹೊಸದನ್ನು ನೇಯಲಾಗುತ್ತದೆ. ನವಿ ಮುಂಬಯಿಯ ಹಿಂದೂಸ್ತಾನ್ ಪ್ಲಾಟಿನಂ ಸಂಸ್ಥೆ ಇಂತಹ ಜಾಲರಿಗಳನ್ನು ತಯಾರಿಸುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ಬಳಿಯ ಹನುಮಲಾಪುರದ ಶಿಲೆಗಳಲ್ಲಿ ಪ್ಲಾಟಿನಂ ವರ್ಗದ ಲೋಹಗಳ ಕುರುಹು ಪತ್ತೆಯಾಗಿದೆಯಾದರೂ, ದೇಶ ಈ ಲೋಹಕ್ಕೆ ಬಹುಮಟ್ಟಿಗೆ ಆಮದನ್ನೇ ಅವಲಂಬಿಸಿದೆ.

ನಷ್ಟ ಹಣಕ್ಕೆ ಸೀಮಿತವಲ್ಲ. ಜಾಲರಿಯಲ್ಲಿ ಉಪೋತ್ಪನ್ನವಾಗಿ ಹುಟ್ಟುವ ನೈಟ್ರಸ್ ಆಕ್ಸೈಡ್ ಭೂಮಿಯನ್ನು ಬಿಸಿಯಾಗಿಸುವಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಪ್ರಬಲ. ಜಾಲರಿ ಹಳತಾದಂತೆ ಇದರ ಪ್ರಮಾಣ ಏರುವ ಸಂಭವವಿದೆ. ಹರಿದ ಜಾಲರಿಯಿಂದ ನುಸುಳುವ ಅಮೋನಿಯ ಮುಂದಿನ ತಂಪು ಭಾಗಗಳಲ್ಲಿ ಸ್ಫೋಟಕ ಲವಣವಾಗಿ ಸಂಗ್ರಹವಾಗುವ ಅಪಾಯವೂ ಇದೆ. ಬೇಗ ಬದಲಿಸಿದರೆ ಬೊಕ್ಕಸಕ್ಕೆ ಭಾರ, ತಡ ಮಾಡಿದರೆ ಉತ್ಪಾದನೆಗೂ ಪರಿಸರಕ್ಕೂ ಕಾರ್ಮಿಕರ ಸುರಕ್ಷತೆಗೂ ಧಕ್ಕೆ. ಆದ್ದರಿಂದ ಜಾಲರಿ ಬದಲಿಸುವ ದಿನವನ್ನು ಲೋಹದ ಬೆಲೆಯೊಂದನ್ನೇ ನೋಡಿ ನಿರ್ಧರಿಸಲಾಗದು.