ಲೂಟಿ ಎಂಬ ನಾಯಿ: ಪೆಕಿಂಗೀಸ್ ತಳಿಯ ಚರಿತ್ರೆಯನ್ನು ಕುರಿತು

ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ೧೮೬೧ರಿಂದ ೧೮೭೨ರವರೆಗೆ ಬಾಳಿದ ಒಂದು ಪುಟ್ಟ ನಾಯಿಗೆ 'ಲೂಟಿ' ಎಂದು ಹೆಸರು. ಈ ಹೆಸರಿಗೆ ಕನ್ನಡಿಗರಲ್ಲಿ ಅರ್ಥವಿವರಣೆ ಬೇಕಾಗಿಲ್ಲ. ಹಿಂದೂಸ್ತಾನಿಯ 'ಲೂಟ್' ಶಬ್ದವು ಭಾರತದಲ್ಲಿದ್ದ ಆಂಗ್ಲರ ಬಾಯಿಂದ ಅವರ ಭಾಷೆಯನ್ನು ಸೇರಿ, ಚೀನದ ಅರಮನೆಯಿಂದ ಹೊತ್ತು ತಂದ ನಾಯಿಗೆ ಹೆಸರಾಗಿ ನಿಂತಿತು. ಪೆಕಿಂಗೀಸ್ ತಳಿಯನ್ನು ಕುರಿತು ಬರೆದವರಲ್ಲಿ ಹಲವರು ಇದನ್ನು ಕೇವಲ ವಿನೋದವೆಂದು ಬಗೆದು ಮುಂದೆ ಸಾಗುತ್ತಾರೆ. ನಮಗಾದರೋ ಆ ಹೆಸರೇ ಮೊದಲನೆಯ ಆಕರವಾಗಿ ತೋರುತ್ತದೆ.

ಎರಡನೆಯ ಅಫೀಮು ಯುದ್ಧದ ಕೊನೆಯ ಘಟ್ಟದಲ್ಲಿ, ೧೮೬೦ರ ಅಕ್ಟೋಬರ್ ಮೊದಲ ವಾರ, ಫ್ರೆಂಚ್ ಮತ್ತು ಆಂಗ್ಲ ಸೇನೆಗಳು ಪೀಕಿಂಗಿನ ವಾಯವ್ಯಕ್ಕಿದ್ದ ಯುವಾನ್‌ಮಿಂಗ್‌ಯುವಾನ್ ಅರಮನೆಯನ್ನು ಹೊಕ್ಕವು. ಚಕ್ರವರ್ತಿ ಶಿಯೆನ್‌ಫೆಂಗ್ ಅಷ್ಟರಲ್ಲಿ ಜೆಹೋಲಿಗೆ ಪಲಾಯನ ಮಾಡಿದ್ದನು. ಸೈನಿಕರು ಅರಮನೆಯನ್ನು ಕೊಳ್ಳೆಹೊಡೆದರು. ಸಂಧಾನಕ್ಕೆ ಹೋದ ತಮ್ಮವರಲ್ಲಿ ಹಲವರು ಸೆರೆಯಲ್ಲಿ ಸತ್ತುದಕ್ಕೆ ಪ್ರತೀಕಾರವಾಗಿ, ಅದೇ ತಿಂಗಳ ೧೮ರಂದು ಎಲ್ಗಿನ್ ಪ್ರಭುವು ಅದಕ್ಕೆ ಬೆಂಕಿಯಿಡಿಸಿದನು. ೧೮೬೨ರಲ್ಲಿ ಭಾರತಕ್ಕೆ ವೈಸರಾಯಿಯಾಗಿ ಬಂದವನು ಈತನೇ. ಆ ದಂಡಯಾತ್ರೆಯಲ್ಲಿ ಭಾರತೀಯ ಸಿಪಾಯಿಗಳೂ ಇದ್ದರು. ಬೆಂಗಳೂರಿನಲ್ಲಿ ನೆಲೆಯಿದ್ದ ಮದರಾಸು ಸ್ಯಾಪರ್ಸ್ ದಳವು ಪಡೆದ ಯುದ್ಧಗೌರವಗಳಲ್ಲಿ ಪೀಕಿಂಗಿನ ಹೆಸರೂ ಉಂಟು.

ಅರಮನೆಯಲ್ಲಿ ಐದು ನಾಯಿಗಳು ಸಿಕ್ಕವೆಂದೂ, ಆತ್ಮಹತ್ಯೆ ಮಾಡಿಕೊಂಡಿದ್ದ ಚಕ್ರವರ್ತಿಯ ಸೋದರತ್ತೆಯ ಶವದ ಬಳಿ ಅವು ಕುಳಿತಿದ್ದವೆಂದೂ ತಳಿಯ ಗ್ರಂಥಗಳಲ್ಲಿ ಪದೇ ಪದೇ ಓದುತ್ತೇವೆ. 'ಲೂಟಿ'ಯನ್ನು ಇಂಗ್ಲೆಂಡಿಗೆ ತಂದವನು ೯೯ನೆಯ ದಳದ ಕ್ಯಾಪ್ಟನ್ ಜಾನ್ ಹಾರ್ಟ್ ಡನ್. ಅವನು ೧೮೬೧ರಲ್ಲಿ ತನ್ನ ದಿನಚರಿಯನ್ನು 'ಕಲ್ಕತ್ತೆಯಿಂದ ಪೀಕಿಂಗಿಗೆ' ಎಂಬರ್ಥದ ಹೆಸರಿನಿಂದ ಪ್ರಕಟಿಸಿದನು. ಫ್ರೆಂಚರ ಶಿಬಿರದಲ್ಲಿ ಕೊಂಡ ಸಣ್ಣಪುಟ್ಟ ವಸ್ತುಗಳನ್ನು ಹೇಳುವಾಗಲೇ, ಕೊರಳಲ್ಲಿ ಬೆಳ್ಳಿಯ ಗೆಜ್ಜೆಗಳಿದ್ದ ಈ ನಾಯಿಯನ್ನೂ ಅವನು ನಮೂದಿಸುತ್ತಾನೆ. ಆ ನಮೂದಿನಲ್ಲಿ ಸೋದರತ್ತೆಯೂ ಇಲ್ಲ, ಶವವೂ ಇಲ್ಲ. ಐತಿಹ್ಯದಲ್ಲಿ ನಾಯಿಯು ಅನಾಥ, ಸೈನಿಕನು ಅದರ ರಕ್ಷಕ. ದಿನಚರಿಯಲ್ಲಿ ನಾಯಿಯು ಸಾಮಾನುಗಳ ನಡುವಿನ ಒಂದು ಸಾಮಾನು. ಯಾವುದು ಜನಪ್ರಿಯವಾಯಿತೆಂಬುದರಲ್ಲಿ ಆಶ್ಚರ್ಯವಿಲ್ಲ. ಯಾವುದು ನಂಬಲರ್ಹವೆಂಬುದರಲ್ಲಿ ನಮಗೆ ಸಂದೇಹವೂ ಇಲ್ಲ.

ಚೀನದಲ್ಲಿ ಈ ನಾಯಿಗಳಿಗಿದ್ದ ಸ್ಥಾನ ಬೇರೆ. ಸಿಂಹವು ಚೀನದ ಕಾಡುಗಳ ಪ್ರಾಣಿಯಲ್ಲ. ಬೌದ್ಧಧರ್ಮದೊಡನೆ, ಮಂಜುಶ್ರೀಯ ವಾಹನವಾಗಿ, ಅದು ಚೀನೀಯರ ಕಲ್ಪನೆಯಲ್ಲಿ ಬೇರೂರಿತು. ಕೇಸರದಂಥ ಕೂದಲುಳ್ಳ ಪುಟ್ಟ ನಾಯಿಯಲ್ಲಿ ಅವರು ಆ ಸಿಂಹವನ್ನೇ ಕಂಡರು. ಅಂತಃಪುರದ ನಪುಂಸಕ ಸೇವಕರು ಇವನ್ನು ಸಾಕುತ್ತಿದ್ದರು. ೧೯೦೩ರಲ್ಲಿ ರಾಜಮಾತೆ ಸಿಶಿಯ ಭಾವಚಿತ್ರ ಬರೆದ ಅಮೆರಿಕದ ಚಿತ್ರಗಾರ್ತಿ ಕ್ಯಾಥರೀನ್ ಕಾರ್ಲ್ ಅರಮನೆಯ ನಾಯಿಗಳನ್ನು ಕಣ್ಣಾರೆ ಕಂಡು ಬರೆದಿದ್ದಾಳೆ. ಸಿಶಿಯ ನುಡಿಮುತ್ತುಗಳೆಂದು ಪಾಶ್ಚಾತ್ಯ ಪುಸ್ತಕಗಳಲ್ಲಿ ಅಚ್ಚಾಗುವ ಶ್ವಾನವರ್ಣನೆಯನ್ನು ಮಾತ್ರ ನಾವು ಸಾಕ್ಷ್ಯವಾಗಿ ಸ್ವೀಕರಿಸಿಲ್ಲ. ಅದರ ಅಲಂಕಾರಗಳಲ್ಲಿ ಚೀನಕ್ಕಿಂತ ಲಂಡನ್ನಿನ ವಾಸನೆಯೇ ಹೆಚ್ಚು.

ಹಾಗಾದರೆ ತಳಿಯು ಪ್ರಾಚೀನವೇ? ೨೦೦೪ರಲ್ಲಿ ಪ್ರಕಟವಾದ ಅನುವಂಶೀಯ ಅಧ್ಯಯನವೊಂದು ಪೆಕಿಂಗೀಸನ್ನು ತೋಳಕ್ಕೆ ಸಮೀಪವಾದ ಕೆಲವೇ ತಳಿಗಳ ಗುಂಪಿನಲ್ಲಿರಿಸಿತು. ಆದರೆ ರಕ್ತದ ಪ್ರಾಚೀನತೆ ಬೇರೆ, ರೂಪದ ಪ್ರಾಚೀನತೆ ಬೇರೆ. ೧೮೬೧ರಲ್ಲಿ ಫ್ರೀಡ್ರಿಕ್ ಕೈಲ್ ಬರೆದ 'ಲೂಟಿ'ಯ ವರ್ಣಚಿತ್ರವನ್ನೂ ೧೮೬೫ರಲ್ಲಿ ವಿಲಿಯಂ ಬ್ಯಾಂಬ್ರಿಜ್ ತೆಗೆದ ಛಾಯಾಚಿತ್ರವನ್ನೂ ಎದುರಿಗಿಟ್ಟು ನೋಡಬೇಕು. ಅವುಗಳಲ್ಲಿ ಮೂತಿಯು ಸ್ಪಷ್ಟವಾಗಿ ಮುಂದೆ ಚಾಚಿದೆ, ಕೂದಲು ಮಿತವಾಗಿದೆ. ಇಂದಿನ ಪ್ರದರ್ಶನಗಳಲ್ಲಿ ಕಾಣುವ ಚಪ್ಪಟೆ ಮುಖವೂ ನೆಲ ಗುಡಿಸುವ ಕೂದಲೂ ಅರಮನೆಯಿಂದ ಬಂದುವಲ್ಲ. ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ಬಹುಮಾನಗಳಿಂದ ಬಂದುವು.

ಇದು ಬರಿಯ ವಿದ್ವಚ್ಚರ್ಚೆಯಲ್ಲ. ೨೦೦೩ರಲ್ಲಿ ಕ್ರಫ್ಟ್ಸ್ ಪ್ರದರ್ಶನದ ಅತ್ಯುಚ್ಚ ಪ್ರಶಸ್ತಿ ಪಡೆದ ಪೆಕಿಂಗೀಸ್, ಗೆದ್ದ ಮೇಲೆ ಮೈ ಕಾವೇರಿ, ಮಂಜಿನ ಚೀಲದ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳಬೇಕಾಯಿತು. ಉಸಿರಾಟ ಸರಾಗವಾಗಲೆಂದು ಅದರ ಮೃದು ಅಂಗುಳಕ್ಕೆ ಶಸ್ತ್ರಚಿಕಿತ್ಸೆಯೂ ಆಗಿತ್ತು. ೨೦೦೮ರ ಬಿ.ಬಿ.ಸಿ. ಸಾಕ್ಷ್ಯಚಿತ್ರವೊಂದು ಇದನ್ನು ಬಯಲಿಗೆ ತಂದಿತು. ಅದೇ ವರ್ಷ ಇಂಗ್ಲೆಂಡಿನ ಕೆನೆಲ್ ಕ್ಲಬ್ಬು ಮೂತಿಯು ಎದ್ದು ಕಾಣಬೇಕೆಂದು ತಳಿಯ ಲಕ್ಷಣವಿವರಣೆಯನ್ನು ತಿದ್ದಿತು. 'ಪರಂಪರೆ ಕೆಟ್ಟಿತು' ಎಂದು ಗೊಣಗಿದವರಿಗೆ ಬ್ಯಾಂಬ್ರಿಜ್‌ನ ಛಾಯಾಚಿತ್ರವೇ ಸಾಕಾದ ಉತ್ತರವೆಂದು ನಮ್ಮ ಮತ. ಕ್ಲಬ್ಬು ಕೇಳಿದುದು ಹೊಸದನ್ನಲ್ಲ, ಹಳೆಯದನ್ನೇ.

ಸ್ವಭಾವದಲ್ಲಿ ಇದು ಗಂಭೀರ, ಹಟಮಾರಿ. ಮನೆಯ ಒಬ್ಬರಿಗೆ ಒಲಿದು ಉಳಿದವರನ್ನು ಸಹಿಸಿಕೊಳ್ಳುವ ಜಾತಿ. ಗಂಡು ಸುಮಾರು ೫ ಕೆ.ಜಿ., ಹೆಣ್ಣು ೫.೪ ಕೆ.ಜಿ.ಗಿಂತ ಹೆಚ್ಚು ತೂಗಬಾರದೆಂಬುದು ಇಂಗ್ಲೆಂಡಿನ ಲಕ್ಷಣವಿವರಣೆಯ ಸೂಚನೆ. ನೀಳವಾದ ಬೆನ್ನಿನ ದೆಸೆಯಿಂದ ಇದನ್ನು ಎತ್ತರದಿಂದ ಜಿಗಿಯಗೊಡಬಾರದು. ಮುಖದ ಮಡಿಕೆಗಳನ್ನು ನಿತ್ಯವೂ ಒರೆಸಿ ಒಣಗಿಸಬೇಕು. ಉಬ್ಬಿದ ಕಣ್ಣುಗಳಿಗೆ ಬೇಗ ಹುಣ್ಣಾಗುವುದರಿಂದ, ಕಣ್ಣು ಕೆಂಪಾದ ದಿನವೇ ಪಶುವೈದ್ಯರಿಗೆ ತೋರಿಸುವುದು ಲೇಸು. ಕೊರಳಪಟ್ಟಿಯ ಬದಲು ಎದೆಪಟ್ಟಿ ತೊಡಿಸಿದರೆ ಉಸಿರಿಗೆ ಅಡ್ಡಿಯಾಗದು.

ನಾಯಿಯು ಮೈ ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ; ಮೂತಿ ಕುಗ್ಗಿದಷ್ಟೂ ಆ ದಾರಿ ಇಕ್ಕಟ್ಟು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಹಗಲು ಹೊರಗೆ ಬಿಟ್ಟ ಪೆಕಿಂಗೀಸ್ ಸಾಯುವ ಸಂಭವ ನಿಜವಾಗಿಯೂ ಉಂಟು. ಕೊಳ್ಳಲೇಬೇಕೆನ್ನುವವರು ಮರಿಯ ತಂದೆತಾಯಿಗಳನ್ನು ತುಸು ದೂರ ನಡೆಯಿಸಿ ನೋಡಬೇಕು. ನಡೆಯುವಾಗ ಗೊರಗೊರ ಸದ್ದು ಕೇಳಿಸಿದರೆ, ವಂಶಾವಳಿಯ ಪತ್ರ ಎಷ್ಟೇ ಉದ್ದವಿರಲಿ, ಆ ಮರಿಯನ್ನು ಬಿಟ್ಟು ಬರಬೇಕು.