ಬ್ರಿಟನ್ನಿನ ಸ್ಟೇಟ್ ಪೆನ್ಷನ್ ಸುಧಾರಣೆಗಳು

ಸ್ಟೇಟ್ ಪೆನ್ಷನ್ ಎಂಬುದು ನಿಗದಿತ ವಯಸ್ಸನ್ನು ತಲುಪಿದವರಿಗೆ ಯುನೈಟೆಡ್ ಕಿಂಗ್‌ಡಮ್ ಸರ್ಕಾರವು ನೀಡುವ ವೃದ್ಧಾಪ್ಯ ಪಿಂಚಣಿ. ಇದು ಸರ್ಕಾರಿ ನೌಕರರಿಗಷ್ಟೇ ಸೀಮಿತವಾದ ನಿವೃತ್ತಿ ವೇತನವಲ್ಲ. ರಾಷ್ಟ್ರೀಯ ವಿಮೆಗೆ ಅಗತ್ಯವಾದಷ್ಟು ವರ್ಷ ವಂತಿಗೆ ಸಲ್ಲಿಸಿದ ಕಾರ್ಮಿಕರು, ಖಾಸಗಿ ಸಂಸ್ಥೆಗಳ ನೌಕರರು, ಸ್ವಂತ ಉದ್ಯೋಗಿಗಳು ಎಲ್ಲರೂ ಇದಕ್ಕೆ ಅರ್ಹರು. 1995ರಿಂದೀಚೆಗೆ ಈ ಪಿಂಚಣಿಯ ವಯಸ್ಸು, ಅರ್ಹತೆಯ ನಿಯಮ ಮತ್ತು ಮೊತ್ತದ ಲೆಕ್ಕಾಚಾರ ಮೂರೂ ಬದಲಾಗಿವೆ. ಯುವಕರಿಗೆ ಇಂತಹ ಬದಲಾವಣೆಗೆ ಹೊಂದಿಕೊಳ್ಳಲು ದೀರ್ಘಾವಧಿಯಿರುತ್ತದೆ. ನಿವೃತ್ತಿಯ ಹೊಸ್ತಿಲಲ್ಲಿರುವವರಿಗೆ ಆ ಅವಕಾಶ ಕಡಿಮೆ. ಆದ್ದರಿಂದ ಬದಲಾವಣೆಯ ಮುನ್ಸೂಚನೆಯನ್ನು ಎಷ್ಟು ಮೊದಲು, ಯಾವ ರೀತಿಯಲ್ಲಿ ನೀಡಬೇಕು ಎಂಬ ಪ್ರಶ್ನೆಯು ಈ ಸುಧಾರಣೆಗಳ ಚರ್ಚೆಯಲ್ಲಿ ಪ್ರಮುಖವಾಗಿದೆ.

ಹಿನ್ನೆಲೆ

1908ರ ವೃದ್ಧಾಪ್ಯ ಪಿಂಚಣಿ ಕಾಯಿದೆಯು 1909ರ ಜನವರಿ 1ರಂದು ಜಾರಿಗೆ ಬಂದಿತು. ಅದರನ್ವಯ 70 ವರ್ಷ ತುಂಬಿದ ಬಡವರಿಗೆ ವಾರಕ್ಕೆ ಗರಿಷ್ಠ 5 ಷಿಲಿಂಗ್ ದೊರೆಯುತ್ತಿತ್ತು. 1925ರ ಕಾಯಿದೆಯು ವಂತಿಗೆ ಆಧಾರಿತ ಪಿಂಚಣಿಯನ್ನು 65ನೇ ವಯಸ್ಸಿನಿಂದ ನೀಡಲು ಅವಕಾಶ ಕಲ್ಪಿಸಿತು. 1940ರಲ್ಲಿ ಮಹಿಳೆಯರ ಪಿಂಚಣಿ ವಯಸ್ಸನ್ನು 60ಕ್ಕೆ ಇಳಿಸಲಾಯಿತು. ವಿಲಿಯಂ ಬೆವರಿಜ್ ಅವರ 1942ರ ವರದಿಯನ್ನು ಅನುಸರಿಸಿ ರೂಪುಗೊಂಡ ರಾಷ್ಟ್ರೀಯ ವಿಮಾ ವ್ಯವಸ್ಥೆಯು 1948ರಲ್ಲಿ ಜಾರಿಯಾಯಿತು.

ಈ ವ್ಯವಸ್ಥೆಯಲ್ಲಿ ವಂತಿಗೆದಾರರ ಹೆಸರಿನಲ್ಲಿ ಪ್ರತ್ಯೇಕ ನಿಧಿ ಸಂಗ್ರಹವಾಗುವುದಿಲ್ಲ. ಇಂದು ದುಡಿಯುವವರ ವಂತಿಗೆಯಿಂದಲೇ ಇಂದಿನ ವೃದ್ಧರಿಗೆ ಪಿಂಚಣಿ ಸಲ್ಲುತ್ತದೆ. ಜನರ ಆಯುಷ್ಯ ಹೆಚ್ಚಿ, ವೃದ್ಧರಿಗೆ ಹೋಲಿಸಿದರೆ ದುಡಿಯುವವರ ಪ್ರಮಾಣ ತಗ್ಗಿದಾಗ ಬೊಕ್ಕಸದ ಹೊರೆ ಏರುತ್ತದೆ. ಪಿಂಚಣಿ ವಯಸ್ಸನ್ನು ಏರಿಸಲು ಸರ್ಕಾರಗಳು ನೀಡಿರುವ ಮುಖ್ಯ ಕಾರಣವಿದು.

ಪಿಂಚಣಿ ವಯಸ್ಸಿನ ಏರಿಕೆ

1995ರ ಪಿಂಚಣಿ ಕಾಯಿದೆಯು ಮಹಿಳೆಯರ ಪಿಂಚಣಿ ವಯಸ್ಸನ್ನು ಪುರುಷರಿಗೆ ಸಮನಾಗಿಸಲು 2010ರಿಂದ 2020ರವರೆಗೆ ಹಂತಹಂತವಾಗಿ 60ರಿಂದ 65ಕ್ಕೆ ಏರಿಸಲು ನಿರ್ಧರಿಸಿತು. 1950ರ ಏಪ್ರಿಲ್ 6ರಂದು ಅಥವಾ ಅನಂತರ ಜನಿಸಿದ ಮಹಿಳೆಯರು ಇದರ ವ್ಯಾಪ್ತಿಗೆ ಬಂದರು. 2011ರ ಕಾಯಿದೆಯು ಈ ವೇಳಾಪಟ್ಟಿಯನ್ನು ತ್ವರಿತಗೊಳಿಸಿತು. ಮಹಿಳೆಯರ ವಯಸ್ಸು 2018ರ ನವೆಂಬರ್ ವೇಳೆಗೆ 65ಕ್ಕೂ, ಎಲ್ಲರ ವಯಸ್ಸು 2020ರ ಅಕ್ಟೋಬರ್ ವೇಳೆಗೆ 66ಕ್ಕೂ ಏರಿತು. ಇದರಿಂದ 1954ರ ಆಸುಪಾಸಿನಲ್ಲಿ ಜನಿಸಿದ ಕೆಲವು ಮಹಿಳೆಯರು ಹಿಂದಿನ ವೇಳಾಪಟ್ಟಿಗಿಂತ 18 ತಿಂಗಳು ಹೆಚ್ಚು ಕಾಯಬೇಕಾಯಿತು. ಆಗ ಅವರಿಗೆ 57 ವರ್ಷದ ಆಸುಪಾಸು.

2014ರ ಕಾಯಿದೆಯ ಪ್ರಕಾರ 2026ರಿಂದ 2028ರ ನಡುವೆ ಪಿಂಚಣಿ ವಯಸ್ಸು 67 ಆಗುತ್ತದೆ. 1960ರ ಏಪ್ರಿಲ್ 6ರಿಂದ 1961ರ ಮಾರ್ಚ್ 5ರವರೆಗೆ ಜನಿಸಿದವರಿಗೆ 66 ವರ್ಷಗಳ ಮೇಲೆ 1ರಿಂದ 11 ತಿಂಗಳುಗಳು ಸೇರುತ್ತವೆ. ಅನಂತರ ಜನಿಸಿದವರು 67 ತುಂಬುವವರೆಗೆ ಕಾಯಬೇಕು. ಈ ವಯಸ್ಸನ್ನು 2044ರಿಂದ 2046ರ ನಡುವೆ 68ಕ್ಕೆ ಏರಿಸಲು 2007ರ ಕಾಯಿದೆಯಲ್ಲೇ ಅವಕಾಶವಿದೆ. ಇದನ್ನು 2037–39ಕ್ಕೆ ಹಿಂದೂಡುವಂತೆ 2017ರ ಪರಾಮರ್ಶೆಯೂ, 2041–43ಕ್ಕೆ ನಿಗದಿಪಡಿಸುವಂತೆ 2023ರ ಪರಾಮರ್ಶೆಯೂ ಸಲಹೆ ನೀಡಿದವು. 2023ರಲ್ಲಿ ಸರ್ಕಾರವು ನಿರ್ಧಾರವನ್ನು ಮುಂದೂಡಿತು. 2025ರ ಜುಲೈನಲ್ಲಿ ಮೂರನೆಯ ಪರಾಮರ್ಶೆ ಆರಂಭವಾಯಿತು.

ಹೊಸ ಪಿಂಚಣಿಯ ಲೆಕ್ಕಾಚಾರ

2016ರ ಏಪ್ರಿಲ್ 6ರಂದು ಅಥವಾ ಅನಂತರ ಪಿಂಚಣಿ ವಯಸ್ಸನ್ನು ತಲುಪಿದವರಿಗೆ ಹೊಸ ಸ್ಟೇಟ್ ಪೆನ್ಷನ್ ಅನ್ವಯಿಸುತ್ತದೆ. ಪಿಂಚಣಿ ಪಡೆಯಲು ಸಾಮಾನ್ಯವಾಗಿ ಕನಿಷ್ಠ 10 ವರ್ಷಗಳ ವಂತಿಗೆ ಅಗತ್ಯ. ಪೂರ್ಣ ಮೊತ್ತಕ್ಕೆ 35 ವರ್ಷಗಳು ಬೇಕು. 2025–26ರಲ್ಲಿ ಪೂರ್ಣ ಮೊತ್ತ ವಾರಕ್ಕೆ 230.25 ಪೌಂಡ್. 2016ಕ್ಕೆ ಮೊದಲು ವಂತಿಗೆಯೇ ಇಲ್ಲದವರಿಗೆ ಪ್ರತಿ ವರ್ಷದ ವಂತಿಗೆಯು ವಾರಕ್ಕೆ ಸುಮಾರು 6.58 ಪೌಂಡ್‌ಗಳನ್ನು ತಂದುಕೊಡುತ್ತದೆ. ಮಕ್ಕಳ ಪಾಲನೆ, ಅಸ್ವಸ್ಥರ ಆರೈಕೆ ಮುಂತಾದ ಕಾರಣಗಳಿಂದ ಉದ್ಯೋಗದಿಂದ ದೂರವಿದ್ದ ಅವಧಿಯನ್ನೂ ನಿಯಮಾನುಸಾರ ಪರಿಗಣಿಸಲಾಗುತ್ತದೆ.

2016ಕ್ಕೆ ಮೊದಲೇ ದುಡಿದವರ ಲೆಕ್ಕ ಇಷ್ಟು ಸರಳವಲ್ಲ. ಅವರ ಹಿಂದಿನ ವಂತಿಗೆಯನ್ನು ಹಳೆಯ ಮತ್ತು ಹೊಸ ನಿಯಮಗಳೆರಡರಲ್ಲೂ ಲೆಕ್ಕಹಾಕಿ, ಹೆಚ್ಚಿನದನ್ನು ಆರಂಭಿಕ ಮೊತ್ತವೆಂದು ನಿಗದಿಪಡಿಸಲಾಯಿತು. ಸಂಸ್ಥೆಯ ಪಿಂಚಣಿ ಯೋಜನೆಯಲ್ಲಿದ್ದು ಕಡಿಮೆ ದರದ ವಂತಿಗೆ ಸಲ್ಲಿಸಿದ್ದವರಿಗೆ ಈ ಮೊತ್ತದಲ್ಲಿ ಕಡಿತವಾಯಿತು. ಆದ್ದರಿಂದ 35 ವರ್ಷ ದುಡಿದವರಿಗೂ ಪೂರ್ಣ ಮೊತ್ತ ದೊರೆಯದಿರುವ ಸಾಧ್ಯತೆಯಿದೆ. ಹಳೆಯ ಪದ್ಧತಿಯಲ್ಲಿ ಪತಿಯ ವಂತಿಗೆಯ ಆಧಾರದ ಮೇಲೆ ಪತ್ನಿಗೆ ದೊರೆಯುತ್ತಿದ್ದ ಪಿಂಚಣಿಯೂ ಹೊಸ ಪದ್ಧತಿಯಲ್ಲಿ ಬಹುಮಟ್ಟಿಗೆ ಇಲ್ಲವಾಯಿತು.

ಪಿಂಚಣಿಯ ಮೊತ್ತವನ್ನು ತ್ರಿವಳಿ ಖಾತರಿ ಎನ್ನಬಹುದಾದ ಟ್ರಿಪಲ್ ಲಾಕ್ ನಿಯಮದಂತೆ ಪ್ರತಿ ವರ್ಷ ಏರಿಸಲಾಗುತ್ತದೆ. ಸರಾಸರಿ ವೇತನದ ಏರಿಕೆ, ಬೆಲೆಯೇರಿಕೆ ಮತ್ತು ಶೇ. 2.5, ಈ ಮೂರರಲ್ಲಿ ಹೆಚ್ಚಿನದನ್ನು ಅನ್ವಯಿಸುವುದು ಇದರ ಕ್ರಮ. ಕೊರೋನಾ ಕಾಲದ ವೇತನದ ಅಂಕಿ-ಅಂಶಗಳು ಏರುಪೇರಾಗಿದ್ದುದರಿಂದ 2022–23ರಲ್ಲಿ ವೇತನದ ಮಾನದಂಡವನ್ನು ಕೈಬಿಡಲಾಯಿತು. 2023–24ರಲ್ಲಿ ಶೇ. 10.1ರಷ್ಟು ಏರಿಕೆಯಾಯಿತು.

ನಿವೃತ್ತಿಗೆ ಸಮೀಪಿಸಿದವರ ಮೇಲೆ ಪರಿಣಾಮ

ಪಿಂಚಣಿ ಒಂದು ವರ್ಷ ತಡವಾದಾಗ ಆರೋಗ್ಯ ಮತ್ತು ಉದ್ಯೋಗ ಎರಡೂ ಇರುವವರು ದುಡಿಮೆಯನ್ನು ಮುಂದುವರಿಸುತ್ತಾರೆ. ಉಳಿತಾಯವಿದ್ದವರು ಅದನ್ನು ಬಳಸಿಕೊಳ್ಳುತ್ತಾರೆ. ಅನಾರೋಗ್ಯ, ಶ್ರಮದಾಯಕ ಕೆಲಸ ಅಥವಾ ಕುಟುಂಬದವರ ಆರೈಕೆಯ ಕಾರಣದಿಂದ ಮೊದಲೇ ಉದ್ಯೋಗ ಬಿಟ್ಟವರಿಗೆ ಈ ಮಾರ್ಗಗಳಿರುವುದಿಲ್ಲ. ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಿಂಚಣಿ ವಯಸ್ಸು 65ರಿಂದ 66ಕ್ಕೆ ಏರಿದ್ದರಿಂದ ಹೆಚ್ಚಿನ ಜನರು ದುಡಿಮೆಯಲ್ಲಿ ಮುಂದುವರಿದರು. ಜೊತೆಗೆ 65 ವರ್ಷದವರಲ್ಲಿ ಆದಾಯ ಬಡತನದ ಪ್ರಮಾಣವು 14 ಶೇಕಡಾವಾರು ಅಂಶಗಳಷ್ಟು ಹೆಚ್ಚಿತು.

ಪಿಂಚಣಿ ವಯಸ್ಸಿಗೆ ಮೊದಲು ದೊರೆಯುವ ನೆರವು ಅನಂತರದ ನೆರವಿಗಿಂತ ಬಹಳ ಕಡಿಮೆ. 2025–26ರಲ್ಲಿ 25 ವರ್ಷ ಮೀರಿದ ಒಂಟಿ ವ್ಯಕ್ತಿಗೆ ಯೂನಿವರ್ಸಲ್ ಕ್ರೆಡಿಟ್‌ನ ಮೂಲ ಭತ್ಯೆ ತಿಂಗಳಿಗೆ 400.14 ಪೌಂಡ್. ಪಿಂಚಣಿ ವಯಸ್ಸು ತಲುಪಿದ ಬಡವರಿಗೆ ಪೆನ್ಷನ್ ಕ್ರೆಡಿಟ್ ಖಾತರಿಪಡಿಸುವ ಕನಿಷ್ಠ ಆದಾಯ ವಾರಕ್ಕೆ 227.10 ಪೌಂಡ್. 2019ರ ಮೇ 15ರಿಂದ, ಹೊಸದಾಗಿ ಅರ್ಜಿ ಸಲ್ಲಿಸುವ ದಂಪತಿಗಳಲ್ಲಿ ಇಬ್ಬರೂ ಪಿಂಚಣಿ ವಯಸ್ಸನ್ನು ತಲುಪದ ಹೊರತು ಸಾಮಾನ್ಯವಾಗಿ ಪೆನ್ಷನ್ ಕ್ರೆಡಿಟ್ ದೊರೆಯುವುದಿಲ್ಲ.

ಮಹಿಳೆಯರ ಹೋರಾಟ

1950ರ ದಶಕದಲ್ಲಿ ಜನಿಸಿದ 30 ಲಕ್ಷಕ್ಕೂ ಹೆಚ್ಚು ಮಹಿಳೆಯರ ಪಿಂಚಣಿ ವಯಸ್ಸು ಏರಿತು. ತಮಗೆ ಸಕಾಲದಲ್ಲಿ ವೈಯಕ್ತಿಕ ಸೂಚನೆ ತಲುಪಲಿಲ್ಲ, 60ಕ್ಕೆ ಪಿಂಚಣಿ ಬರುವುದೆಂಬ ನಂಬಿಕೆಯಲ್ಲೇ ಜೀವನದ ಯೋಜನೆ ಮಾಡಿಕೊಂಡಿದ್ದೆವು ಎಂಬುದು ಅವರಲ್ಲಿ ಹಲವರ ದೂರು. 2015ರಲ್ಲಿ ವಾಸ್ಪಿ ಎಂಬ ಸಂಘಟನೆ ಹುಟ್ಟಿಕೊಂಡಿತು. ವಯಸ್ಸಿನ ಸಮಾನತೆಗೆ ಅದರ ವಿರೋಧವಿರಲಿಲ್ಲ; ಅದನ್ನು ಜಾರಿಗೆ ತಂದ ರೀತಿಗೆ ವಿರೋಧವಿತ್ತು. ಬೇರೊಂದು ಗುಂಪು ಬೆಂಬಲಿಸಿದ ಕಾನೂನು ಹೋರಾಟವು 2019ರಲ್ಲಿ ಹೈಕೋರ್ಟಿನಲ್ಲಿಯೂ, 2020ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿಯೂ ವಿಫಲವಾಯಿತು.

ಸಂಸತ್ತಿನ ಒಂಬಡ್ಸ್‌ಮನ್ 2021ರಲ್ಲಿ ನೀಡಿದ ವರದಿಯು ಮಹಿಳೆಯರಿಗೆ ಪತ್ರ ಬರೆಯುವಲ್ಲಿ 28 ತಿಂಗಳ ವಿಳಂಬವಾಗಿತ್ತೆಂದೂ, ಅದು ಆಡಳಿತದ ಲೋಪವೆಂದೂ ಹೇಳಿತು. 2024ರ ಮಾರ್ಚ್‌ನ ವರದಿಯು ತಲಾ 1,000ದಿಂದ 2,950 ಪೌಂಡ್ ಶ್ರೇಣಿಯ ಪರಿಹಾರವನ್ನು ಸೂಚಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸರ್ಕಾರವು ಲೋಪವನ್ನು ಒಪ್ಪಿಕೊಂಡು ಕ್ಷಮೆ ಯಾಚಿಸಿತಾದರೂ ಪರಿಹಾರವನ್ನು ನಿರಾಕರಿಸಿತು. 2025ರ ನವೆಂಬರ್‌ನಲ್ಲಿ ಈ ನಿರ್ಧಾರವನ್ನು ಮತ್ತೆ ಪರಿಶೀಲಿಸುವುದಾಗಿ ಘೋಷಿಸಿತು.

ಲಭ್ಯವಿರುವ ಆಯ್ಕೆಗಳು

65 ತುಂಬಿದ ನೌಕರರನ್ನು ಉದ್ಯೋಗದಾತರು ಕಡ್ಡಾಯವಾಗಿ ನಿವೃತ್ತಿಗೊಳಿಸಬಹುದೆಂಬ ನಿಯಮವನ್ನು 2011ರಲ್ಲಿ ರದ್ದುಪಡಿಸಲಾಯಿತು. ಹೊಸ ಪಿಂಚಣಿಯನ್ನು ತಡವಾಗಿ ಪಡೆಯಲು ಆರಿಸಿಕೊಂಡವರಿಗೆ ಪ್ರತಿ 9 ವಾರಗಳಿಗೆ ಶೇ. 1ರಂತೆ, ಅಂದರೆ ವರ್ಷಕ್ಕೆ ಶೇ. 5.8ಕ್ಕೆ ತುಸು ಕಡಿಮೆ, ಮೊತ್ತ ಹೆಚ್ಚುತ್ತದೆ. ಕೊರತೆಯಿರುವ ವರ್ಷಗಳಿಗೆ ಸ್ವಯಂಪ್ರೇರಿತ ವಂತಿಗೆ ಸಲ್ಲಿಸಬಹುದು; ಸಾಮಾನ್ಯವಾಗಿ ಹಿಂದಿನ 6 ವರ್ಷಗಳಿಗೆ ಮಾತ್ರ ಅವಕಾಶ. ಅದರಿಂದ ಮೊತ್ತ ಹೆಚ್ಚುವುದೇ ಎಂಬುದನ್ನು ಸರ್ಕಾರದ ಅಂದಾಜು ಪತ್ರದಲ್ಲಿ ಮೊದಲೇ ನೋಡಿಕೊಳ್ಳಬೇಕಾಗುತ್ತದೆ. ಪಿಂಚಣಿಯು ತಾನಾಗಿ ಬರುವುದಿಲ್ಲ, ಅರ್ಜಿ ಸಲ್ಲಿಸಬೇಕು.

ಭಾರತಕ್ಕೆ ಹಿಂದಿರುಗುವವರು

ಬ್ರಿಟನ್ನಿನಲ್ಲಿ ದುಡಿದು ಭಾರತಕ್ಕೆ ಮರಳುವ ಕನ್ನಡಿಗರೂ ಈ ಪಿಂಚಣಿಯನ್ನು ಪಡೆಯಬಹುದು. ನಡುವಯಸ್ಸಿನಲ್ಲಿ ವಲಸೆ ಹೋದವರಿಗೆ 35 ವರ್ಷಗಳ ವಂತಿಗೆ ಪೂರ್ಣಗೊಳ್ಳುವುದು ಕಷ್ಟ. ಇದಲ್ಲದೆ, ಭಾರತದಲ್ಲಿ ನೆಲೆಸಿದವರಿಗೆ ವಾರ್ಷಿಕ ಏರಿಕೆ ಅನ್ವಯಿಸುವುದಿಲ್ಲ. ದೇಶ ಬಿಡುವಾಗ ಅಥವಾ ಭಾರತದಲ್ಲಿ ಮೊದಲು ಪಿಂಚಣಿ ಪಡೆಯುವಾಗ ಇದ್ದ ಮೊತ್ತವೇ ಮುಂದುವರಿಯುತ್ತದೆ. ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿರುವವರಿಗೂ ಇದೇ ನಿಯಮವಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿರುವವರಿಗೆ ಏರಿಕೆ ದೊರೆಯುತ್ತದೆ. ಈ ವ್ಯತ್ಯಾಸವನ್ನು ಪ್ರಶ್ನಿಸಿದ ಮೊಕದ್ದಮೆಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2010ರಲ್ಲಿ ತಳ್ಳಿಹಾಕಿತು. ಮತ್ತೆ ಬ್ರಿಟನ್ನಿಗೆ ಮರಳಿ ನೆಲೆಸಿದರೆ ಆಗಿನ ಪ್ರಚಲಿತ ದರವೇ ಅನ್ವಯಿಸುತ್ತದೆ.