ಕೊಂಡದ್ದೂ ಸಾಕಿದ್ದೂ

ಪಾಮ್ ಕಂಪನಿಯ ಚರಿತ್ರೆಯಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುವುದು ಒಂದು ಮರದ ತುಂಡಿನ ಬಳಿ. ಸ್ಥಾಪಕ ಜೆಫ್ ಹಾಕಿನ್ಸ್ ತಾವು ಮಾಡಬೇಕೆಂದಿದ್ದ ಯಂತ್ರದ ಅಳತೆಗೆ ಮರ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು; ಯಾರಾದರೂ ಭೇಟಿಗೆ ಸಮಯ ಕೇಳಿದರೆ ಅದನ್ನೇ ತೆಗೆದು ದಿನಚರಿ ನೋಡಿದಂತೆ ನಟಿಸುತ್ತಿದ್ದರಂತೆ. 1996ರಲ್ಲಿ ಆ ಮರ 'ಪೈಲಟ್' ಎಂಬ ಯಂತ್ರವಾಗಿ ಅಂಗಡಿಗೆ ಬಂತು.

ಪಾಮ್ ಕೈಯಿಂದ ಕೈಗೆ ಹೋಗುತ್ತಲೇ ಬೆಳೆದ ಕೂಸು. 1995ರಲ್ಲಿ ಯು.ಎಸ್. ರೋಬೋಟಿಕ್ಸ್, 1997ರಲ್ಲಿ ತ್ರೀಕಾಮ್. 2000ದಲ್ಲಿ ಬೇರೆ ಸಂಸಾರ. 2007ರಲ್ಲಿ ಐಫೋನ್ ಬಂದ ಮೇಲೆ ಅದಕ್ಕೆ ಉಸಿರು ಕಟ್ಟಿತು. 2009ರ 'ಪ್ರೀ' ಫೋನನ್ನೂ ಅದರೊಳಗಿನ ವೆಬ್‌ಓಎಸ್ ತಂತ್ರಾಂಶವನ್ನೂ ಬಲ್ಲವರು ಹೊಗಳಿದರು, ಕೊಂಡವರು ಸಾಲಲಿಲ್ಲ.

2010ರ ಏಪ್ರಿಲ್‌ನಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸುಮಾರು 120 ಕೋಟಿ ಡಾಲರಿಗೆ ಪಾಮನ್ನು ಕೊಳ್ಳುವುದಾಗಿ ಸಾರಿತು. ದೊಡ್ಡ ಮನೆ ಸೇರಿತು, ಇನ್ನು ಬದುಕೀತು ಎನ್ನುವಷ್ಟರಲ್ಲಿ, ತಂದ ಯಜಮಾನರಾದ ಮಾರ್ಕ್ ಹರ್ಡ್ ಅದೇ ಆಗಸ್ಟಿನಲ್ಲಿ ಹೊರನಡೆದರು. ನಂತರ ಬಂದ ಲಿಯೋ ಅಪೋಥೇಕರ್ ಅವರ ಕಣ್ಣು ಬೇರೆ ವ್ಯಾಪಾರದ ಮೇಲಿತ್ತು. 2011ರ ಜುಲೈ 1ರಂದು ಬಂದ 'ಟಚ್‌ಪ್ಯಾಡ್' ಆಗಸ್ಟ್ 18ಕ್ಕೆ ನಿಂತಿತು. ಏಳು ವಾರದಲ್ಲಿ ಯಾವ ಗಿಡ ತಾನೇ ಫಲ ಕೊಟ್ಟೀತು? 99 ಡಾಲರಿಗೆ ಇಳಿಸಿದಾಗ ಮಾತ್ರ ಜನ ಮುಗಿಬಿದ್ದರು.

ಬೆಲೆ ಕಟ್ಟಿದವರಿಗೆ ಸರಕಿನ ಗುಣ ತಿಳಿದಿತ್ತೆಂದೇ ನನ್ನ ನಂಬಿಕೆ. ಆದರೆ ಕೊಳ್ಳಲು ಒಂದು ಸಹಿ ಸಾಕು. ಸಾಕುವುದಕ್ಕೆ ಮನೆಯವರೆಲ್ಲರ ಮನಸ್ಸು ಬೇಕು. 2013ರಲ್ಲಿ ಎಲ್‌ಜಿ ಕಂಪನಿ ವೆಬ್‌ಓಎಸ್ಸನ್ನು ಕೊಂಡು ತನ್ನ ಟಿವಿಗಳಿಗೆ ಹಾಕಿತು. ಅಲ್ಲಿ ಅದು ಬೇರೂರಿತು.